ಬಿಸಿ ಎಲ್ಲಿಂದ ಬರುತ್ತದೆ, ಎಲ್ಲಿಗೆ ಹೋಗುತ್ತದೆ: ಕರೆಂಟು ಉಳಿಸುವವರಿಗೆ ಒಬ್ಬ ಏಸಿ ಮೆಕ್ಯಾನಿಕ್‌ನ ಮಾತು

ಫ್ರಿಜ್ ಮತ್ತು ಏಸಿ ರಿಪೇರಿ ನನ್ನ ಕಸುಬು. ಕೆಲಸ ಮುಗಿಸಿ ಸಾಮಾನು ಕಟ್ಟುವ ಹೊತ್ತಿಗೆ ಮನೆಯವರು ತಪ್ಪದೆ ಕೇಳುತ್ತಾರೆ: "ಕರೆಂಟ್ ಬಿಲ್ ಕಡಿಮೆ ಆಗೋಕೆ ಏನು ಮಾಡಬೇಕು?" ಈಚೆಗೆ ಮಕ್ಕಳೂ ಒಂದು ಪ್ರಶ್ನೆ ಕೇಳುತ್ತಾರೆ: "ಅಂಕಲ್, ಏಸಿಯಿಂದ ಭೂಮಿ ಬಿಸಿ ಆಗುತ್ತಂತೆ, ಹೌದಾ?" ಎರಡಕ್ಕೂ ಬಾಗಿಲಲ್ಲಿ ನಿಂತು ಉತ್ತರ ಹೇಳಿ ಮುಗಿಯುವುದಿಲ್ಲ. ಹಾಗಾಗಿ ಇಲ್ಲಿ ನಿಧಾನವಾಗಿ ಬರೆಯುತ್ತಿದ್ದೇನೆ.

ಮೊದಲು ಒಂದು ವಿಷಯ ಮನಸ್ಸಿನಲ್ಲಿ ಕೂರಬೇಕು. ಮನೆಯಲ್ಲಿ ಕರೆಂಟನ್ನು ಜಾಸ್ತಿ ತಿನ್ನುವುದು ಬಿಸಿ ಮಾಡುವ ಮತ್ತು ತಣ್ಣಗೆ ಮಾಡುವ ಯಂತ್ರಗಳು. ಗೀಸರ್, ಏಸಿ, ಹೀಟರ್, ಫ್ರಿಜ್, ಇಸ್ತ್ರಿ ಪೆಟ್ಟಿಗೆ. ಜನ ಮಾತ್ರ ಫೋನ್ ಚಾರ್ಜರ್ ಕಿತ್ತಿಡುವುದರಿಂದ ಶುರು ಮಾಡುತ್ತಾರೆ. ಒಂದು ಫೋನನ್ನು ವರ್ಷಪೂರ್ತಿ ದಿನಕ್ಕೊಮ್ಮೆ ತುಂಬಾ ಚಾರ್ಜ್ ಮಾಡಿದರೂ ಹತ್ತು ಯೂನಿಟ್ ಮುಟ್ಟುವುದು ಕಷ್ಟ. ಅಷ್ಟೇ ಕರೆಂಟು ಸುಮಾರು ಇಪ್ಪತ್ತು ಬಕೆಟ್ ಬಿಸಿನೀರಿಗೆ ಮುಗಿದುಹೋಗುತ್ತದೆ. ಆದ್ದರಿಂದ ಬಿಸಿಯ ಜಾಡು ಹಿಡಿಯಿರಿ. ಎಲ್ಲಿಂದ ಒಳಗೆ ಬರುತ್ತಿದೆ, ಎಲ್ಲಿ ಸೋರುತ್ತಿದೆ, ಯಾವುದಕ್ಕೆ ಸುಮ್ನೆ ಖರ್ಚಾಗುತ್ತಿದೆ ಎಂದು ನೋಡಿ. ಉಳಿತಾಯದ ದೊಡ್ಡ ಪಾಲು ಅಲ್ಲೇ ಸಿಗುತ್ತದೆ.

ಇನ್ನೊಂದು ಮಾತು. ಏಸಿಯಾಗಲಿ ಫ್ರಿಜ್ ಆಗಲಿ ತಂಪನ್ನು ಹುಟ್ಟಿಸುವುದಿಲ್ಲ. ಒಳಗಿನ ಬಿಸಿಯನ್ನು ಎತ್ತಿ ಹೊರಗೆ ಹಾಕುತ್ತದೆ, ಅಷ್ಟೇ. ಒಳಗೆ ಬಿಸಿ ಕಡಿಮೆ ಬಂದರೆ ಅದರ ಕೆಲಸ ಕಡಿಮೆ. ಮುಂದೆ ಹೇಳುವುದೆಲ್ಲ ಈ ಒಂದು ಮಾತಿನಿಂದಲೇ ಹೊರಡುತ್ತದೆ.

ಮೀಟರ್ ನೋಡಲು ಕಲಿಯಿರಿ

ಅಳೆಯದೆ ಏನನ್ನೂ ಬದಲಾಯಿಸಬೇಡಿ. 1000 ವ್ಯಾಟ್‌ನ ಉಪಕರಣ ಒಂದು ಗಂಟೆ ಓಡಿದರೆ ಒಂದು ಯೂನಿಟ್. 100 ವ್ಯಾಟ್‌ನದು ಹತ್ತು ಗಂಟೆ ಓಡಿದರೂ ಒಂದು ಯೂನಿಟ್. ಇಷ್ಟು ಲೆಕ್ಕ ಗೊತ್ತಿದ್ದರೆ ಸಾಕು.

ಈಗಿನ ಡಿಜಿಟಲ್ ಮೀಟರ್‌ಗಳಲ್ಲಿ ಒಂದು ಸಣ್ಣ ಕೆಂಪು ದೀಪ ಮಿಣುಕುತ್ತಿರುತ್ತದೆ. ಒಂದು ಯೂನಿಟ್‌ಗೆ ಅದು ಎಷ್ಟು ಸಲ ಮಿಣುಕುತ್ತದೆ ಎಂದು ಮೀಟರಿನ ಮುಖದ ಮೇಲೇ ಬರೆದಿರುತ್ತದೆ. 800, 1600, 3200 ಹೀಗೆ. ನಿಮ್ಮದು 1600 ಎಂದುಕೊಳ್ಳಿ. ಎರಡು ಮಿಣುಕಿನ ನಡುವೆ 15 ಸೆಕೆಂಡ್ ಹಿಡಿದರೆ ಗಂಟೆಗೆ 240 ಮಿಣುಕು. 240ನ್ನು 1600ರಿಂದ ಭಾಗಿಸಿದರೆ 0.15. ಅಂದರೆ ಆ ಕ್ಷಣದಲ್ಲಿ ಮನೆ 150 ವ್ಯಾಟ್ ಎಳೆಯುತ್ತಿದೆ. ಈಗ ಒಬ್ಬರು ಮೀಟರ್ ಮುಂದೆ ನಿಲ್ಲಿ, ಇನ್ನೊಬ್ಬರು ಒಂದೊಂದೇ ಉಪಕರಣ ಹಚ್ಚಿ ಆರಿಸಲಿ. ಯಾವುದು ಎಷ್ಟು ಎಳೆಯುತ್ತದೆ ಎಂದು ಅರ್ಧ ಗಂಟೆಯಲ್ಲಿ ಗೊತ್ತಾಗುತ್ತದೆ. ಮಕ್ಕಳಿಗೆ ಈ ಕೆಲಸ ಕೊಡಿ, ತುಂಬಾ ಚೆನ್ನಾಗಿ ಮಾಡುತ್ತಾರೆ.

ಫ್ರಿಜ್‌ನದು ಹೀಗೆ ತಿಳಿಯುವುದಿಲ್ಲ, ಯಾಕೆಂದರೆ ಅದರ ಕಂಪ್ರೆಸರ್, ಅಂದರೆ ಒಳಗಿನ ಗ್ಯಾಸನ್ನು ಒತ್ತಿ ಸುತ್ತಿಸುವ ಪಂಪು, ಆಗಾಗ ನಿಂತು ಮತ್ತೆ ಶುರುವಾಗುತ್ತಿರುತ್ತದೆ. ಅದಕ್ಕೆ ರಾತ್ರಿ ಮಲಗುವಾಗ ಎಲ್ಲ ಆರಿಸಿದ ಮೇಲೆ ರೀಡಿಂಗ್ ಬರೆದಿಡಿ, ಬೆಳಿಗ್ಗೆ ಎದ್ದ ಕೂಡಲೇ ಮತ್ತೆ ಬರೆಯಿರಿ. ಯಾರೂ ಏನೂ ಬಳಸದ ಹೊತ್ತಿನಲ್ಲಿ ಓಡಿದ ಆ ಯೂನಿಟ್‌ಗಳು ಫ್ರಿಜ್‌ನದು, ಜೊತೆಗೆ ಸುಮ್ನೆ ಪ್ಲಗ್‌ನಲ್ಲಿ ಕೂತ ಸಾಮಾನುಗಳದು. ಹಗಲೂ ರಾತ್ರಿ ಎಡೆಬಿಡದೆ 50 ವ್ಯಾಟ್ ಸೋರಿದರೆ ವರ್ಷಕ್ಕೆ 438 ಯೂನಿಟ್. ಕಲ್ಲಿದ್ದಲಿನಿಂದ ಬರುವ ಕರೆಂಟಾದರೆ ಒಂದು ಯೂನಿಟ್‌ಗೆ ಹೆಚ್ಚುಕಡಿಮೆ ಒಂದು ಕೆ.ಜಿ. ಇಂಗಾಲದ ಡೈಆಕ್ಸೈಡ್ ಗಾಳಿಗೆ ಸೇರುತ್ತದೆ. ಯೂನಿಟ್ ಲೆಕ್ಕವನ್ನೇ ಹೊಗೆಯ ಲೆಕ್ಕ ಎಂದು ಓದಿಕೊಳ್ಳಬಹುದು.

ಬಿಸಿನೀರು

ನೀರನ್ನು ಬಿಸಿ ಮಾಡುವುದು ದುಬಾರಿ ಕೆಲಸ. ಒಂದು ಲೀಟರ್ ನೀರನ್ನು ಒಂದು ಡಿಗ್ರಿ ಏರಿಸಲು 4.2 ಕಿಲೋಜೌಲ್ ಬೇಕು. 20 ಲೀಟರ್‌ನ ಬಕೆಟ್ಟನ್ನು 20 ಡಿಗ್ರಿ ಏರಿಸಿದರೆ ಅರ್ಧ ಯೂನಿಟ್‌ನ ಹತ್ತಿರ. ಯಾವ ಕಂಪನಿಯ ಗೀಸರ್ ತಂದರೂ ಈ ಲೆಕ್ಕ ತಪ್ಪುವುದಿಲ್ಲ. ಕಾಯಿಲ್ ಇರುವ ಎಲ್ಲ ಗೀಸರ್‌ಗಳೂ ಒಂದು ಯೂನಿಟ್ ಕರೆಂಟಿಗೆ ಕೊಡುವುದು ಒಂದು ಯೂನಿಟ್ ಬಿಸಿಯನ್ನೇ. ಒಂದಕ್ಕೂ ಇನ್ನೊಂದಕ್ಕೂ ವ್ಯತ್ಯಾಸ ಬರುವುದು ಕಾಯಿಸಿದ ನೀರನ್ನು ಎಷ್ಟು ಹೊತ್ತು ಬಿಸಿಯಾಗಿ ಇಟ್ಟುಕೊಳ್ಳುತ್ತದೆ ಎನ್ನುವುದರಲ್ಲಿ.

ಹಾಗಾಗಿ ಉಳಿತಾಯಕ್ಕೆ ಇರುವ ದಾರಿಗಳು ಕಡಿಮೆ, ಆದರೆ ಒಂದೊಂದೂ ದೊಡ್ಡದು. ಒಂದು, ನೀರು ಕಡಿಮೆ ಬಳಸುವುದು. ನಿಮ್ಮ ಶವರ್ ಕೆಳಗೆ ಬಕೆಟ್ ಇಟ್ಟು ಒಂದು ನಿಮಿಷ ಬಿಡಿ. 12, 15 ಲೀಟರ್ ತುಂಬಿದರೆ ಹತ್ತು ನಿಮಿಷದ ಸ್ನಾನಕ್ಕೆ ಎಷ್ಟು ಎಂದು ನೀವೇ ಲೆಕ್ಕ ಹಾಕಿ. ನಿಮಿಷಕ್ಕೆ 6ರಿಂದ 8 ಲೀಟರ್ ಬಿಡುವ ಶವರ್ ತಲೆಗಳು ಸಿಗುತ್ತವೆ. ಅದನ್ನು ತಿರುಗಿಸಿ ಹಾಕಲು ಐದು ನಿಮಿಷ ಸಾಕು. ಎರಡು, ಕಾಯಿಸಿದ ಕೂಡಲೇ ಬಳಸುವುದು. ಸಣ್ಣ ಗೀಸರ್ ಇರುವವರು ಸ್ನಾನಕ್ಕೆ ಸ್ವಲ್ಪ ಮುಂಚೆ ಹಾಕಿ, ಎಲ್ಲರೂ ಒಬ್ಬರ ಹಿಂದೆ ಒಬ್ಬರು ಸ್ನಾನ ಮುಗಿಸಿ, ಆರಿಸಿಬಿಡಿ. ಬಿಸಿನೀರಿನ ಪೈಪು ಉದ್ದ ಇದ್ದರೆ ಅದಕ್ಕೆ ಫೋಮ್ ತೋಳು ಹಾಕಿಸಿ.

ದೊಡ್ಡ ಟ್ಯಾಂಕ್ ಇಟ್ಟುಕೊಂಡವರಿಗೆ ಒಂದು ಎಚ್ಚರಿಕೆ. ಕರೆಂಟು ಉಳಿಸಲು ಅದರ ಥರ್ಮೋಸ್ಟಾಟನ್ನು 40, 45ಕ್ಕೆ ಇಳಿಸಬೇಡಿ. ದಿನಗಟ್ಟಲೆ ನಿಂತ ಬೆಚ್ಚನೆಯ ನೀರಿನಲ್ಲಿ ಲೀಜಿಯೊನೆಲ್ಲ ಎಂಬ ಬ್ಯಾಕ್ಟೀರಿಯಾ ಬೆಳೆಯುತ್ತದೆ. ಶವರಿನ ಹನಿಗಳ ಮೂಲಕ ಶ್ವಾಸಕೋಶಕ್ಕೆ ಹೋದರೆ ನ್ಯುಮೋನಿಯಾ ತರುತ್ತದೆ. ಸಂಗ್ರಹದ ಟ್ಯಾಂಕು 60 ಡಿಗ್ರಿಯಲ್ಲೇ ಇರಲಿ. ಉಳಿಸುವುದನ್ನು ಟ್ಯಾಂಕಿಗೆ ದಪ್ಪ ಹೊದಿಕೆ ಹಾಕಿಸಿ ಉಳಿಸಿ.

ಮೂರನೆಯ ದಾರಿ ಬಿಸಿಯನ್ನು ಬೇರೆ ಕಡೆಯಿಂದ ತರುವುದು. ಬಿಸಿಲು ಚೆನ್ನಾಗಿ ಬೀಳುವ ತಾರಸಿ ಇದ್ದರೆ ಸೋಲಾರ್ ವಾಟರ್ ಹೀಟರ್‌ಗಿಂತ ಸರಳವಾದದ್ದು ಇಲ್ಲ. ತಾರಸಿ ಇಲ್ಲದವರಿಗೆ ಹೀಟ್ ಪಂಪ್ ಗೀಸರ್ ಇದೆ. ನನ್ನ ಮಟ್ಟಿಗೆ ಅದು ತಿರುಗಿಸಿಟ್ಟ ಫ್ರಿಜ್. ಅದೇ ಕಂಪ್ರೆಸರ್, ಅದೇ ಕಾಯಿಲ್. ಸುತ್ತಲಿನ ಗಾಳಿಯಲ್ಲಿರುವ ಬಿಸಿಯನ್ನು ಹೀರಿ ನೀರಿಗೆ ಹಾಕುತ್ತದೆ. ಒಂದು ಯೂನಿಟ್ ಕರೆಂಟಿಗೆ ಸುಮಾರು ಮೂರು ಯೂನಿಟ್‌ನಷ್ಟು ಬಿಸಿ ನೀರಿಗೆ ಸೇರುತ್ತದೆ. ಮನೆಯಲ್ಲಿ ಜನ ಜಾಸ್ತಿ ಇದ್ದು, ಗೀಸರ್ ಹೇಗೂ ಬದಲಾಯಿಸಬೇಕಾಗಿ ಬಂದರೆ ಮೊದಲು ಇದನ್ನು ವಿಚಾರಿಸಿ.

ಬಿಸಿಲನ್ನು ಹೊರಗೇ ನಿಲ್ಲಿಸಿ

ಏಸಿ ಸಾಲುತ್ತಿಲ್ಲ, ದೊಡ್ಡದು ಹಾಕಿ ಎಂದು ಕರೆದವರ ಮನೆಗೆ ಹೋದಾಗ ನಾನು ಮೊದಲು ಕಿಟಕಿ ನೋಡುತ್ತೇನೆ, ಆಮೇಲೆ ಮೇಲೆ ಸ್ಲ್ಯಾಬ್ ಮುಟ್ಟುತ್ತೇನೆ. ನೆತ್ತಿಯ ಮೇಲಿನ ಬಿಸಿಲು ಒಂದು ಚದರ ಮೀಟರ್‌ಗೆ ಸುಮಾರು 1000 ವ್ಯಾಟ್ ಬಿಸಿ ಸುರಿಯುತ್ತದೆ. ಗಾಜಿನ ಕಿಟಕಿಗೆ ಸಂಜೆಯ ಬಿಸಿಲು ನೇರ ಹೊಡೆಯುತ್ತಿದ್ದರೆ ಕೆಲವು ನೂರು ವ್ಯಾಟ್‌ನ ಹೀಟರ್ ಕೋಣೆಯೊಳಗೆ ಉರಿಯುತ್ತಿದೆ ಎಂದೇ ಲೆಕ್ಕ. ಅದನ್ನು ಹೊರಗೆ ಹಾಕಲು ಏಸಿ ಓಡಬೇಕು.

ಜನ ಒಳಗೆ ದಪ್ಪ ಪರದೆ ಹಾಕುತ್ತಾರೆ. ಅದರಿಂದ ಲಾಭ ಇದೆ, ಆದರೆ ಅರೆಬರೆ. ಬೆಳಕು ಗಾಜು ದಾಟಿ ಒಳಗೆ ಬಂದು ಪರದೆಗೆ ತಗುಲಿ ಬಿಸಿಯಾಯಿತು ಎಂದರೆ ಆ ಬಿಸಿ ಗಾಜಿನಿಂದ ವಾಪಸ್ ಹೊರಗೆ ಹೋಗುವುದು ಕಷ್ಟ. ಗಾಜಿಗೆ ಮುಟ್ಟುವ ಮೊದಲೇ ನೆರಳು ಬೀಳಬೇಕು. ಹೊರಗೆ ಬಿದಿರಿನ ತಟ್ಟಿ, ಮರದ ಪಟ್ಟಿಯ ಜಾಲರಿ, ಬಳ್ಳಿ ಹಬ್ಬಿಸಿದ ಚಪ್ಪರ, ಒಂದು ಮರ, ಏನಾದರೂ ಸರಿ. ಕಿಟಕಿಯ ಮೇಲಿನ ಸಜ್ಜಾ ಮಧ್ಯಾಹ್ನದ ಬಿಸಿಲನ್ನು ತಡೆಯುತ್ತದೆ. ಬೆಳಗಿನ, ಸಂಜೆಯ ಬಿಸಿಲು ಓರೆಯಾಗಿ ಬರುವುದರಿಂದ ಸಜ್ಜಾದ ಕೆಳಗೆ ನುಸುಳಿ ಬರುತ್ತದೆ. ಪೂರ್ವ, ಪಶ್ಚಿಮದ ಕಿಟಕಿಗೆ ನೇರ ಇಳಿಬಿಟ್ಟ ತಟ್ಟಿಯೇ ಬೇಕು.

ಮೇಲಿನ ಮಹಡಿಯಲ್ಲಿ ಇರುವವರಿಗೆ ಗೊತ್ತು, ಸೂರ್ಯ ಮುಳುಗಿ ಗಂಟೆಗಳಾದ ಮೇಲೂ ಕೋಣೆ ಕುದಿಯುತ್ತಿರುತ್ತದೆ. ಕಾಂಕ್ರೀಟ್ ಸ್ಲ್ಯಾಬ್ ಹಗಲೆಲ್ಲ ಬಿಸಿ ಕುಡಿದು ರಾತ್ರಿ ಕೆಳಗೆ ಬಿಡುತ್ತದೆ. ಕಪ್ಪು ಅಥವಾ ಗಾಢ ಬಣ್ಣದ ತಾರಸಿ ಬಿಸಿಲಿನ ಹೆಚ್ಚು ಪಾಲನ್ನು ಹೀರಿಕೊಳ್ಳುತ್ತದೆ. ಹೊಸದಾಗಿ ಬಳಿದ ಬಿಳಿ ಬಣ್ಣ ಹೆಚ್ಚು ಪಾಲನ್ನು ವಾಪಸ್ ಕಳಿಸುತ್ತದೆ. ಧೂಳು, ಪಾಚಿ ಕೂತರೆ ಈ ಗುಣ ಇಳಿಯುತ್ತದೆ. ಆದ್ದರಿಂದ ಬಳಿದು ಮರೆಯಬೇಡಿ, ಬೇಸಿಗೆಗೆ ಮುಂಚೆ ಒಮ್ಮೆ ತೊಳೆಯಿರಿ. ಇಷ್ಟು ಮಾಡಿದ ಮೇಲೂ ಏಸಿ ಬೇಕು ಅನ್ನಿಸಿದರೆ ಹಾಕಿಸಿ. ಮೊದಲು ಅಂದುಕೊಂಡದ್ದಕ್ಕಿಂತ ಸಣ್ಣದು ಸಾಕಾಗಬಹುದು.

ಕಿಟಕಿ ತೆರೆಯುವುದಕ್ಕೂ ಒಂದು ಹೊತ್ತಿದೆ. ಒಳಗೊಂದು ಹೊರಗೊಂದು ಥರ್ಮಾಮೀಟರ್ ತೂಗುಹಾಕಿ. ಹೊರಗೆ ತಣ್ಣಗಿರುವಾಗ ಎದುರುಬದುರು ಕಿಟಕಿ ತೆರೆಯಿರಿ. ಹೊರಗೆ ಬಿಸಿ ಏರಿದ ಕೂಡಲೇ ಮುಚ್ಚಿ. ಉರಿ ಮಧ್ಯಾಹ್ನ ಗಾಳಿ ಬರಲಿ ಎಂದು ತೆರೆದಿಡುವ ಮನೆಗಳು ಸಂಜೆಗೆ ಜಾಸ್ತಿ ಬಿಸಿಯಾಗಿರುತ್ತವೆ.

ಚಳಿಯ ಊರುಗಳಲ್ಲಿ ಇದೇ ಲೆಕ್ಕ ತಿರುಗಿಸಿ ಓದಿಕೊಳ್ಳಿ. ಅಲ್ಲಿ ಒಳಗಿನ ಬಿಸಿ ಹೊರಗೆ ಹೋಗಬಾರದು. ನಿಂತ ಗಾಳಿ ಬಿಸಿಯನ್ನು ಸುಲಭಕ್ಕೆ ದಾಟಿಸುವುದಿಲ್ಲ. ಗ್ಲಾಸ್ ವೂಲ್, ಥರ್ಮೋಕೋಲ್, ಎರಡು ಗಾಜಿನ ಕಿಟಕಿ ಎಲ್ಲವೂ ಮಾಡುವುದು ಗಾಳಿಯನ್ನು ಅಲುಗಾಡದಂತೆ ಹಿಡಿದಿಡುವ ಕೆಲಸವನ್ನೇ. ಜರ್ಮನಿಯ ಡಾರ್ಮ್‌ಸ್ಟಾಟ್‌ನಲ್ಲಿ 1991ರಲ್ಲಿ ಮೊದಲ 'ಪ್ಯಾಸಿವ್ ಹೌಸ್' ಕಟ್ಟಿದರು. ದಪ್ಪ ಹೊದಿಕೆ, ಒಳ್ಳೆಯ ಕಿಟಕಿ, ಬಿರುಕಿಲ್ಲದ ಗೋಡೆ, ಒಳಹೊರಗಿನ ಗಾಳಿ ಬದಲಾಗುವಾಗ ಬಿಸಿಯನ್ನು ಮಾತ್ರ ಹಿಡಿದಿಟ್ಟುಕೊಳ್ಳುವ ವ್ಯವಸ್ಥೆ. ಇಂಥ ಮನೆಗೆ ಇಟ್ಟ ಅಳತೆ ಏನು ಗೊತ್ತೇ? ಇಡೀ ವರ್ಷ ಬೆಚ್ಚಗಿರಲು ಒಂದು ಚದರ ಮೀಟರ್‌ಗೆ 15 ಯೂನಿಟ್ ಮೀರಬಾರದು. ಹಿಮ ಬೀಳುವ ಊರಿನಲ್ಲಿ! ಗೋಡೆ, ಕಿಟಕಿ ಸರಿಯಿದ್ದರೆ ಯಂತ್ರಕ್ಕೆ ಎಷ್ಟು ಕಡಿಮೆ ಕೆಲಸ ಉಳಿಯುತ್ತದೆ ಎಂದು ಇದರಿಂದ ಗೊತ್ತಾಗುತ್ತದೆ.

ಬಿರುಕು ಹುಡುಕಲು ಗಾಳಿ ಇರುವ ದಿನ ಒಂದು ಊದುಬತ್ತಿ ಹಚ್ಚಿ, ಬಾಗಿಲ ಸಂದಿ, ಕಿಟಕಿಯ ಚೌಕಟ್ಟು, ಏಸಿ ಪೈಪಿನ ತೂತು ಇವುಗಳ ಹತ್ತಿರ ಹಿಡಿಯಿರಿ. ಹೊಗೆ ಅಲುಗಿದ ಕಡೆ ರಬ್ಬರ್ ಪಟ್ಟಿ, ಸಿಲಿಕಾನ್ ಹಾಕಿ. ಆದರೆ ಗ್ಯಾಸ್ ಗೀಸರ್, ಇದ್ದಿಲ ಒಲೆ, ಸೀಮೆಎಣ್ಣೆ ಹೀಟರ್ ಇರುವ ಕೋಣೆಯ ಗಾಳಿಕಿಂಡಿಯನ್ನು ಯಾವತ್ತೂ ಮುಚ್ಚಬೇಡಿ. ಮುಚ್ಚಿದ ಕೋಣೆಯಲ್ಲಿ ಉರಿದರೆ ಕಾರ್ಬನ್ ಮೊನಾಕ್ಸೈಡ್ ಬರುತ್ತದೆ. ಅದಕ್ಕೆ ವಾಸನೆ ಇಲ್ಲ, ಬಣ್ಣ ಇಲ್ಲ, ಪ್ರಾಣ ತೆಗೆಯುತ್ತದೆ. ಚಳಿಗೆ ಕರೆಂಟಿನ ಹೀಟರ್ ಬಳಸುವವರು ಇನ್ನೊಂದು ತಿಳಿದಿರಲಿ. ಎಣ್ಣೆಯದು, ರಾಡಿನದು, ಫ್ಯಾನಿನದು ಯಾವುದಾದರೂ ಒಂದು ಯೂನಿಟ್‌ಗೆ ಒಂದೇ ಯೂನಿಟ್ ಬಿಸಿ. ನಿಮ್ಮ ಏಸಿಯಲ್ಲಿ ಹೀಟ್ ಮೋಡ್ ಇದ್ದರೆ ಅದು ಹೀಟ್ ಪಂಪ್. ಅದನ್ನೇ ಬಳಸಿ.

ಏಸಿ, ಮತ್ತು ಅದರೊಳಗಿನ ಗ್ಯಾಸ್

ನನ್ನ ಕೆಲಸದ ವಿಷಯ, ಸ್ವಲ್ಪ ಜಾಸ್ತಿ ಹೇಳುತ್ತೇನೆ.

ಒಂದು ಟನ್ ಏಸಿ ಅಂದರೆ ಸುಮಾರು 3500 ವ್ಯಾಟ್‌ನಷ್ಟು ಬಿಸಿಯನ್ನು ಹೊರಗೆ ಹಾಕಬಲ್ಲದ್ದು. ಅದಕ್ಕೆ ಬೇಕಾಗುವ ಕರೆಂಟು ಸುಮಾರು 1000 ವ್ಯಾಟ್. ರಿಮೋಟ್‌ನಲ್ಲಿ 16 ಹಾಕಿದರೆ ಬೇಗ ತಣ್ಣಗಾಗುತ್ತದೆ ಎಂದು ಜನ ನಂಬಿದ್ದಾರೆ. ಹಳೆಯ ಮಾದರಿಯ ಕಂಪ್ರೆಸರ್‌ಗೆ ಇರುವುದು ಒಂದೇ ವೇಗ. 16 ಹಾಕಿದರೂ 26 ಹಾಕಿದರೂ ಅದು ಓಡುವುದು ಅಷ್ಟೇ ಜೋರಾಗಿ. 16ಕ್ಕೆ ಇಟ್ಟರೆ ನಿಲ್ಲುವುದಿಲ್ಲ, ಇಷ್ಟೇ ವ್ಯತ್ಯಾಸ. ಇನ್ವರ್ಟರ್ ಏಸಿ ಕೋಣೆ ತಣ್ಣಗಾದ ಮೇಲೆ ವೇಗ ಇಳಿಸಿಕೊಂಡು ಓಡುತ್ತದೆ, ಉಳಿತಾಯ ಬರುವುದೇ ಅಲ್ಲಿಂದ. 16ಕ್ಕೆ ಇಟ್ಟರೆ ಅದಕ್ಕೆ ವೇಗ ಇಳಿಸುವ ಅವಕಾಶವೇ ಸಿಗುವುದಿಲ್ಲ. ಒಂದು ಡಿಗ್ರಿ ಏರಿಸಿದರೆ ಸುಮಾರು ಶೇ. 6ರಷ್ಟು ಕರೆಂಟು ಉಳಿಯುತ್ತದೆ ಎಂಬುದು ನಮ್ಮಲ್ಲಿ ಎಲ್ಲರೂ ಬಳಸುವ ಲೆಕ್ಕ. 26ಕ್ಕೆ ಇಟ್ಟು ಸೀಲಿಂಗ್ ಫ್ಯಾನನ್ನು ನಿಧಾನಕ್ಕೆ ಬಿಡಿ. ಮೈಗೆ 24ರ ಹಾಗೆ ಹಿತವಾಗಿರುತ್ತದೆ.

ಒಳಗಿನ ಫಿಲ್ಟರನ್ನು ಬಳಸುವ ಕಾಲದಲ್ಲಿ ಎರಡು ವಾರಕ್ಕೊಮ್ಮೆ ನೀವೇ ತೆಗೆದು ನಲ್ಲಿ ಕೆಳಗೆ ತೊಳೆಯಿರಿ. ಇದಕ್ಕೆ ನನ್ನಂಥವರು ಬೇಕಿಲ್ಲ. ಹೊರಗಿನ ಯೂನಿಟ್ ಕಡೆಗೂ ಒಮ್ಮೆ ನೋಡಿ. ಅಂದ ಕೆಡುತ್ತದೆ ಎಂದು ಅದನ್ನು ಪೆಟ್ಟಿಗೆಯೊಳಗೆ ಕೂರಿಸುತ್ತಾರೆ, ಮುಂದೆ ಬಟ್ಟೆ ಒಣಗಿಸುತ್ತಾರೆ. ತಾನು ಊದಿದ ಬಿಸಿಗಾಳಿಯನ್ನೇ ಅದು ಮತ್ತೆ ಎಳೆದುಕೊಳ್ಳುತ್ತದೆ. ಪಾಪ, ಎಷ್ಟು ಓಡಿದರೂ ಕೋಣೆ ತಣ್ಣಗಾಗುವುದಿಲ್ಲ. ಅದರ ಮುಂದೆ ಹಿಂದೆ ಜಾಗ ಬಿಡಿ.

ಏಸಿ ಕೋಣೆಯಲ್ಲಿ ಒದ್ದೆ ಬಟ್ಟೆ ಒಣಹಾಕಬೇಡಿ. ಬಟ್ಟೆಯಿಂದ ಒಂದು ಲೀಟರ್ ನೀರು ಆವಿಯಾದರೆ, ಆ ಆವಿಯನ್ನು ಮತ್ತೆ ನೀರು ಮಾಡಿ ಪೈಪಿನಲ್ಲಿ ಹೊರಗೆ ಬಿಡಲು ಏಸಿ ಅರ್ಧ ಯೂನಿಟ್‌ಗಿಂತ ಜಾಸ್ತಿ ಬಿಸಿಯನ್ನು ಎತ್ತಿಹಾಕಬೇಕು. ಸೆಕೆ ಜಾಸ್ತಿ ಇರುವ ಊರಿನಲ್ಲಿ ಏಸಿಯ ದುಡಿಮೆಯ ದೊಡ್ಡ ಭಾಗ ಹೀಗೆ ತೇವ ಹಿಂಡುವುದರಲ್ಲೇ ಹೋಗುತ್ತದೆ. ಕಿಟಕಿ ಸಂದಿ ಮುಚ್ಚಿ ಎಂದು ನಾನು ಮತ್ತೆ ಮತ್ತೆ ಹೇಳುವುದು ಇದಕ್ಕೇ.

ಈಗ ಗ್ಯಾಸ್. "ಪ್ರತಿ ವರ್ಷ ಗ್ಯಾಸ್ ತುಂಬಿಸಬೇಕು" ಎನ್ನುವ ಮಾತು ಎಷ್ಟು ಮನೆಗಳಲ್ಲಿ ಕೇಳಿದ್ದೇನೋ. ದಯವಿಟ್ಟು ನಂಬಬೇಡಿ. ಏಸಿಯ ಗ್ಯಾಸ್ ಉರಿದು ಖಾಲಿಯಾಗುವ ವಸ್ತುವಲ್ಲ. ಬೆಸುಗೆ ಹಾಕಿದ ತಾಮ್ರದ ಕೊಳವೆಯೊಳಗೆ ಅದು ಸುತ್ತುತ್ತಲೇ ಇರುತ್ತದೆ. ಕಡಿಮೆಯಾಗಿದೆ ಎಂದರೆ ಎಲ್ಲೋ ಸೋರುತ್ತಿದೆ. ಸೋರಿಕೆ ಮುಚ್ಚದೆ ಮೇಲಿಂದ ಮೇಲೆ ತುಂಬಿದರೆ ಅದು ಮತ್ತೆ ಗಾಳಿಗೇ ಹೋಗುತ್ತದೆ.

ಗಾಳಿಗೆ ಹೋದರೆ ಏನಾಗುತ್ತದೆ? ಮಕ್ಕಳು ಕೇಳುವ ಪ್ರಶ್ನೆಗೆ ಉತ್ತರ ಇಲ್ಲಿದೆ. ಆರ್-410ಎ ಎಂಬ ಗ್ಯಾಸ್ ಇನ್ನೂ ಲಕ್ಷಾಂತರ ಏಸಿಗಳಲ್ಲಿದೆ. ಅದರ ಒಂದು ಕೆ.ಜಿ. ನೂರು ವರ್ಷದ ಲೆಕ್ಕದಲ್ಲಿ ಸುಮಾರು 2000 ಕೆ.ಜಿ. ಇಂಗಾಲದ ಡೈಆಕ್ಸೈಡ್‌ನಷ್ಟು ಭೂಮಿಯನ್ನು ಬಿಸಿ ಮಾಡುತ್ತದೆ. ಒಂದು ಮನೆಯ ಏಸಿಯಲ್ಲಿ ಹೆಚ್ಚುಕಡಿಮೆ ಅಷ್ಟೇ ಗ್ಯಾಸ್ ಇರುತ್ತದೆ. ಅದೊಂದು ಸೋರಿಹೋದರೆ ಕಲ್ಲಿದ್ದಲಿನ 2000 ಯೂನಿಟ್ ಕರೆಂಟು ಸುಟ್ಟ ಲೆಕ್ಕ. ವರ್ಷವಿಡೀ ದೀಪ ಆರಿಸಿ ಉಳಿಸಿದ್ದೆಲ್ಲ ಒಂದು ಸಡಿಲ ನಟ್ಟಿನಲ್ಲಿ ಹೋಗಿಬಿಡುತ್ತದೆ. ಆರ್-32 ಗ್ಯಾಸಿಗೆ ಈ ಸಂಖ್ಯೆ 675. ಪ್ರೊಪೇನ್, ಅಂದರೆ ಆರ್-290ಗೆ ಇದು ತೀರಾ ಕಡಿಮೆ. ಆದರೆ ಅದು ಬೇಗ ಹೊತ್ತಿಕೊಳ್ಳುವ ಗ್ಯಾಸ್, ತರಬೇತಿ ಇಲ್ಲದವರು ಕೈ ಹಾಕಬಾರದು. ಓಝೋನ್ ಪದರ ಉಳಿಸಲು 1987ರಲ್ಲಿ ಮಾಂಟ್ರಿಯಲ್ ಒಪ್ಪಂದ ಆಯಿತು. ಅದರಿಂದ ಹಳೆಯ ಗ್ಯಾಸ್‌ಗಳು ಹೋದವು. ಅವುಗಳ ಜಾಗಕ್ಕೆ ಬಂದವು ಓಝೋನ್‌ಗೆ ತೊಂದರೆ ಕೊಡಲಿಲ್ಲ, ಭೂಮಿಯನ್ನು ಮಾತ್ರ ಬಿಸಿ ಮಾಡಿದವು. ಅವನ್ನೂ ಹಂತಹಂತವಾಗಿ ಇಳಿಸಬೇಕೆಂದು 2016ರಲ್ಲಿ ರುವಾಂಡಾದ ಕಿಗಾಲಿಯಲ್ಲಿ ದೇಶಗಳು ಒಪ್ಪಿಕೊಂಡವು. ಒಪ್ಪಂದ ಎಷ್ಟೇ ದೊಡ್ಡದಿರಲಿ, ಕೊನೆಗೆ ಅದು ಜಾರಿಗೆ ಬರುವುದು ನಿಮ್ಮ ಮನೆಯ ಗೋಡೆಯ ಹತ್ತಿರ ಸ್ಪ್ಯಾನರ್ ಹಿಡಿದು ಕೂತವನ ಕೈಯಲ್ಲಿ.

ಹಾಗಾಗಿ ಮೆಕ್ಯಾನಿಕ್ ಬಂದಾಗ ಇಷ್ಟು ಕೇಳಿ. ಸೋರಿಕೆ ಎಲ್ಲಿದೆ ಎಂದು ತೋರಿಸಲಿ. ನಾವು ನೈಟ್ರೋಜನ್ ತುಂಬಿ, ಜಾಯಿಂಟುಗಳಿಗೆ ಸೋಪು ನೀರು ಹಚ್ಚಿ ಗುಳ್ಳೆ ಬರುವುದನ್ನು ನೋಡುತ್ತೇವೆ. ನಿಮಗೂ ಕಣ್ಣಿಗೆ ಕಾಣುತ್ತದೆ. ಅದನ್ನು ಸರಿ ಮಾಡಿದ ಮೇಲೆ ಪಂಪ್ ಇಟ್ಟು ವ್ಯಾಕ್ಯೂಮ್ ಮಾಡಬೇಕು, ಅಂದರೆ ಕೊಳವೆಯೊಳಗಿನ ಗಾಳಿಯನ್ನೆಲ್ಲ ಹೊರಗೆಳೆಯಬೇಕು. ಕೊಳವೆಯಲ್ಲಿ ಗಾಳಿ, ತೇವ ಉಳಿದರೆ ಏಸಿ ಜಾಸ್ತಿ ಕರೆಂಟು ತಿನ್ನುತ್ತದೆ, ಕಂಪ್ರೆಸರ್ ಬೇಗ ಹೋಗುತ್ತದೆ. ಆಮೇಲೆ ತಕ್ಕಡಿಯಲ್ಲಿ ಸಿಲಿಂಡರ್ ಇಟ್ಟು, ಏಸಿಯ ಮೇಲೆ ಬರೆದಷ್ಟೇ ತೂಕದ ಗ್ಯಾಸ್ ಹಾಕಬೇಕು. ಅಂದಾಜಿನ ಮೇಲೆ ಹಾಕಿದರೆ ಜಾಸ್ತಿಯಾದರೂ ನಷ್ಟ, ಕಡಿಮೆಯಾದರೂ ನಷ್ಟ. ನಿಮ್ಮ ಪ್ರಶ್ನೆಗೆ ಸಿಡುಕದೆ ಉತ್ತರ ಕೊಡುವವರನ್ನು ಬಿಡಬೇಡಿ, ಪ್ರತಿ ಸಲ ಅವರನ್ನೇ ಕರೆಯಿರಿ.

ಫ್ರಿಜ್

ಫ್ರಿಜ್ ಸಣ್ಣದಾಗಿ ತಿನ್ನುತ್ತದೆ, ಆದರೆ ಹಗಲಿರುಳೂ ತಿನ್ನುತ್ತದೆ. ಒಳಗೆ 4 ಡಿಗ್ರಿ, ಫ್ರೀಜರ್‌ನಲ್ಲಿ ಮೈನಸ್ 18 ಇದ್ದರೆ ಸಾಕು. ಡಯಲ್ ಮೇಲಿನ ಅಂಕಿ ಡಿಗ್ರಿಯನ್ನು ಹೇಳುವುದಿಲ್ಲ. ಒಂದು ಲೋಟ ನೀರಿನಲ್ಲಿ ಥರ್ಮಾಮೀಟರ್ ಮುಳುಗಿಸಿ ರಾತ್ರಿ ಒಳಗೆ ಇಡಿ, ಬೆಳಿಗ್ಗೆ ನೋಡಿ.

ಬಾಗಿಲಿನ ರಬ್ಬರ್ ಗ್ಯಾಸ್ಕೆಟ್ ಸಡಿಲಾಗಿದೆಯೇ ಎಂದು ನೋಡಲು ಒಂದು ಕಾಗದ ಅಡ್ಡ ಇಟ್ಟು ಬಾಗಿಲು ಹಾಕಿ. ಎಳೆದಾಗ ಬಿಗಿಯಾಗಿ ಬರಬೇಕು. ಸಲೀಸಾಗಿ ಜಾರಿದರೆ ಆ ಜಾಗದಿಂದ ತಂಪು ಸೋರುತ್ತಿದೆ. ಮೊದಲು ಸೋಪು ನೀರಿನಲ್ಲಿ ಗ್ಯಾಸ್ಕೆಟ್ ಒರೆಸಿ, ಎಷ್ಟೋ ಸಲ ಜಿಡ್ಡು ಹೋದರೆ ಸರಿಹೋಗುತ್ತದೆ. ಹೋಗದಿದ್ದರೆ ಗ್ಯಾಸ್ಕೆಟ್ ಮಾತ್ರ ಬದಲಾಯಿಸಿ. ಹೊಸ ಫ್ರಿಜ್ ಕೊಳ್ಳುವ ಅಗತ್ಯ ಇಲ್ಲ. ಹಿಂದೆ ಕಪ್ಪು ಕಾಯಿಲ್ ಕಾಣುವ ಮಾದರಿಯಾದರೆ ಪ್ಲಗ್ ಕಿತ್ತು, ಬ್ರಷ್‌ನಿಂದ ಧೂಳು ತೆಗೆಯಿರಿ. ಬಿಸಿ ಹೊರಹೋಗುವುದು ಅಲ್ಲಿಂದಲೇ. ಗೋಡೆಗೆ ಅಂಟಿಸಿ ನಿಲ್ಲಿಸಬೇಡಿ, ಒಲೆಯ ಪಕ್ಕವಂತೂ ಬೇಡ. ಫ್ರೀಜರ್‌ನಲ್ಲಿ ಅರ್ಧ ಸೆಂಟಿಮೀಟರ್‌ಗಿಂತ ದಪ್ಪ ಮಂಜು ಕಟ್ಟಿದರೆ ಕರಗಿಸಿ. ಚಾಕುವಿನಿಂದ ಮಾತ್ರ ಕೆರೆಯಬೇಡಿ. ಕೊಳವೆಗೆ ತೂತು ಬಿದ್ದ ಫ್ರಿಜ್‌ಗಳು ನನ್ನ ಹತ್ತಿರ ಬರುತ್ತಲೇ ಇರುತ್ತವೆ.

ಹೊಸ ಫ್ರಿಜ್ ತಂದ ಮೇಲೆ ಹಳೆಯದನ್ನು ಬರೀ ಬಾಟಲಿ ತಣ್ಣಗಿಡಲು ಇನ್ನೊಂದು ಕೋಣೆಯಲ್ಲಿ ಓಡಿಸುತ್ತಾರೆ. ಇದು ನನಗೆ ನಿಜಕ್ಕೂ ಬೇಸರ ತರುವ ವಿಷಯ. ಕಡಿಮೆ ಕರೆಂಟಿನ ಫ್ರಿಜ್ ಎಂದು ಹುಡುಕಿ ತಂದು, ಒಟ್ಟು ಖರ್ಚನ್ನು ಮೊದಲಿಗಿಂತ ಏರಿಸಿಕೊಂಡಂತಾಯಿತು ಅಲ್ವಾ? 1865ರಲ್ಲೇ ಜೆವನ್ಸ್ ಎಂಬ ಇಂಗ್ಲಿಷ್ ಅರ್ಥಶಾಸ್ತ್ರಜ್ಞ ಕಲ್ಲಿದ್ದಲಿನ ವಿಷಯದಲ್ಲಿ ಇದನ್ನು ಗುರುತಿಸಿದ್ದರು. ಯಂತ್ರ ಕಡಿಮೆ ಇಂಧನದಲ್ಲಿ ಓಡತೊಡಗಿದರೆ ಜನ ಅದನ್ನು ಇನ್ನೂ ಜಾಸ್ತಿ ಬಳಸುತ್ತಾರೆ, ಒಟ್ಟು ಖರ್ಚು ಏರುತ್ತದೆ ಎಂದು.

ಉಳಿದವು

ಅಡುಗೆಮನೆಯಲ್ಲಿ ಮುಚ್ಚಳ ಮುಚ್ಚಿ ಬೇಯಿಸಿ. ಒಂದು ಲೀಟರ್ ನೀರನ್ನು ಕುದಿಯುವ ಮಟ್ಟಕ್ಕೆ ತರುವುದಕ್ಕಿಂತ ಅದನ್ನು ಪೂರ್ತಿ ಆವಿ ಮಾಡಲು ಏಳು ಪಟ್ಟು ಶಕ್ತಿ ಬೇಕು. ಮುಚ್ಚಳ ತೆರೆದಿಟ್ಟು ಕುದಿಸುವಾಗ ಹೋಗುವ ಆವಿ ಅಷ್ಟು ದುಬಾರಿ. ಕುದಿ ಬಂದ ಮೇಲೆ ಉರಿ ಸಣ್ಣ ಮಾಡಿ. ಜೋರು ಉರಿಯಿಂದ ನೀರು 100 ಡಿಗ್ರಿ ದಾಟುವುದಿಲ್ಲ, ಬೇಗ ಬೇಯುವುದೂ ಇಲ್ಲ. ಪ್ರೆಷರ್ ಕುಕ್ಕರ್ ಒಳಗೆ ಮಾತ್ರ ಒತ್ತಡದಿಂದ 120 ಡಿಗ್ರಿಯ ಹತ್ತಿರ ಹೋಗುತ್ತದೆ. ಕಾಳು, ಬೇಳೆಗೆ ಅದನ್ನೇ ಬಳಸಿ. ಇಂಡಕ್ಷನ್ ಒಲೆಯಲ್ಲಿ ಬಿಸಿ ಹುಟ್ಟುವುದೇ ಪಾತ್ರೆಯ ತಳದಲ್ಲಿ. ಗ್ಯಾಸ್ ಒಲೆಯಲ್ಲಿ ಬಿಸಿಯ ಒಂದು ದೊಡ್ಡ ಪಾಲು ಪಾತ್ರೆಯ ಪಕ್ಕದಿಂದ ಹೊರಗೆ ಹೋಗುತ್ತದೆ, ಬೇಸಿಗೆಯಲ್ಲಿ ಅಡುಗೆಮನೆಯನ್ನೂ ಕಾಯಿಸುತ್ತದೆ.

ಹೀಟರ್ ಇರುವ ವಾಷಿಂಗ್ ಮೆಷಿನ್‌ನಲ್ಲಿ ಬಿಸಿನೀರಿನಲ್ಲಿ ಒಗೆದರೆ ಹೆಚ್ಚು ಕರೆಂಟು ಹೋಗುವುದು ನೀರು ಕಾಯಿಸಲು. ತಣ್ಣೀರಿನಲ್ಲಿ ಒಗೆಯಿರಿ, ತುಂಬಾ ಬಟ್ಟೆ ಸೇರಿದ ಮೇಲೆ ಹಾಕಿ, ಹಗ್ಗದ ಮೇಲೆ ಒಣಗಿಸಿ.

ದೀಪದ ವಿಷಯ ಹೆಚ್ಚು ಹೇಳಬೇಕಿಲ್ಲ, ಬಹಳ ಜನ ಬದಲಾಯಿಸಿಕೊಂಡಾಗಿದೆ. 60 ವ್ಯಾಟ್‌ನ ಹಳೆಯ ಬಲ್ಬಿನಷ್ಟು ಬೆಳಕನ್ನು 9 ವ್ಯಾಟ್‌ನ ಎಲ್‌ಇಡಿ ಕೊಡುತ್ತದೆ. ಹಳೆಯ ಬಲ್ಬ್ ಬೆಳಕಿಗಿಂತ ಬಿಸಿಯನ್ನೇ ಜಾಸ್ತಿ ಕೊಡುತ್ತಿತ್ತು. ಬಚ್ಚಲು, ಅಟ್ಟದಲ್ಲಿ ಇನ್ನೂ ಉಳಿದಿದ್ದರೆ ತೆಗೆದುಬಿಡಿ.

ಫ್ಯಾನಿನ ಕಡೆ ಗಮನ ಕೊಟ್ಟವರು ಕಡಿಮೆ. ಸಾಮಾನ್ಯ ಸೀಲಿಂಗ್ ಫ್ಯಾನ್ ಸುಮಾರು 75 ವ್ಯಾಟ್ ಎಳೆಯುತ್ತದೆ. ಬಿಎಲ್‌ಡಿಸಿ ಎಂಬ, ಬ್ರಷ್ ಇಲ್ಲದ ಬಗೆಯ ಮೋಟಾರಿನದು ಅಷ್ಟೇ ಗಾಳಿಗೆ 30 ವ್ಯಾಟ್‌ನ ಸುತ್ತಮುತ್ತ. ದಿನಕ್ಕೆ ಹತ್ತು ಹನ್ನೆರಡು ಗಂಟೆ ತಿರುಗುವ ಫ್ಯಾನನ್ನು ಮೊದಲು ಬದಲಾಯಿಸಿ. ಅತಿಥಿಗಳ ಕೋಣೆಯದು ಹಾಗೇ ಇರಲಿ. ಕೋಣೆಯಲ್ಲಿ ಯಾರೂ ಇಲ್ಲದಾಗ ಫ್ಯಾನ್ ತಿರುಗಿಸಬೇಡಿ. ಅದು ಕೋಣೆಯನ್ನು ತಂಪು ಮಾಡುವುದಿಲ್ಲ, ಮೈಯ ಬೆವರನ್ನು ಆರಿಸುತ್ತದೆ ಅಷ್ಟೇ.

ರಿಮೋಟ್‌ನಿಂದ ಆರಿಸಿದ ಸಾಮಾನುಗಳಲ್ಲಿ ಮೊದಲು ಹಿಡಿಯಬೇಕಾದ್ದು ಸೆಟ್ ಟಾಪ್ ಬಾಕ್ಸ್. ಆರಿದಂತೆ ಕಂಡರೂ ಕೆಲವು 10 ವ್ಯಾಟ್ ಎಳೆಯುತ್ತಿರುತ್ತವೆ, ವರ್ಷಕ್ಕೆ ಸುಮಾರು 88 ಯೂನಿಟ್. ಮುಟ್ಟಿ ನೋಡಿ, ಬೆಚ್ಚಗಿದ್ದರೆ ಗೋಡೆಯ ಸ್ವಿಚ್ಚನ್ನೇ ಆರಿಸಿ.

ಸೋಲಾರ್ ಪ್ಯಾನೆಲ್ ಯಾವಾಗ ಎಂದು ಕೇಳುವವರಿಗೆ ನನ್ನ ಉತ್ತರ: ಇದೆಲ್ಲ ಆದ ಮೇಲೆ. 300 ಯೂನಿಟ್ ಬಳಸುವ ಮನೆ 180ಕ್ಕೆ ಇಳಿದರೆ ಕೊಳ್ಳಬೇಕಾದ ಪ್ಯಾನೆಲ್ಲುಗಳೂ ಅಷ್ಟು ಕಡಿಮೆ. ಪ್ಯಾನೆಲ್ ಹಾಕಿದ ತಾರಸಿಗೆ ಅದೇ ನೆರಳೂ ಆಗುತ್ತದೆ. ನೀರಿನ ಟ್ಯಾಂಕಿನ ನೆರಳು ಒಂದು ಮೂಲೆಗೆ ಬಿದ್ದರೂ ಇಡೀ ಸಾಲಿನ ಕರೆಂಟು ಇಳಿಯಬಹುದು. ಜಾಗ ಗುರುತು ಮಾಡುವ ಮೊದಲು ಬೆಳಿಗ್ಗೆ, ಮಧ್ಯಾಹ್ನ, ಸಂಜೆ ಮೂರು ಹೊತ್ತೂ ಮೇಲೆ ಹೋಗಿ ನೋಡಿ.

ಹೊಸದು ಕೊಳ್ಳುವಾಗ ಲೇಬಲ್‌ನಲ್ಲಿ ವರ್ಷಕ್ಕೆ ಎಷ್ಟು ಯೂನಿಟ್ ಎಂದು ಬರೆದಿರುವುದನ್ನು ಓದಿ. ನಕ್ಷತ್ರ, ದರ್ಜೆ ಇವೆಲ್ಲ ಒಂದೇ ಅಳತೆಯ ಉಪಕರಣಗಳ ನಡುವಿನ ಹೋಲಿಕೆ. ದೊಡ್ಡ ಫ್ರಿಜ್‌ಗೆ ಐದು ನಕ್ಷತ್ರ ಇದ್ದರೂ ಸಣ್ಣದಕ್ಕಿಂತ ಜಾಸ್ತಿ ತಿನ್ನಬಹುದು. ಚೆನ್ನಾಗಿ ಓಡುವ ಸಾಮಾನನ್ನು ಸುಮ್ನೆ ಬಿಸಾಡಬೇಡಿ. ಹೊಸದನ್ನು ತಯಾರಿಸಲೂ ಉಕ್ಕು, ತಾಮ್ರ, ಪ್ಲಾಸ್ಟಿಕ್, ಕರೆಂಟು ಎಲ್ಲ ಹೋಗಿರುತ್ತದೆ.

ಹಳೆಯ ಏಸಿ ಅಥವಾ ಫ್ರಿಜ್ ಕೊಡಲೇಬೇಕಾಗಿ ಬಂದರೆ ತೂಕಕ್ಕೆ ಕೊಳ್ಳುವವರ ಕೈಗೆ ಹಾಗೇ ಹಾಕಬೇಡಿ. ತಾಮ್ರಕ್ಕಾಗಿ ಅವರು ಮೊದಲು ಕತ್ತರಿಸುವುದೇ ಗ್ಯಾಸ್ ಇರುವ ಕೊಳವೆಯನ್ನು. ಗ್ಯಾಸ್ ರಿಕವರಿ ಯಂತ್ರ ಇಟ್ಟುಕೊಂಡ ಮೆಕ್ಯಾನಿಕ್‌ನನ್ನು ಕರೆಸಿ. ಅವನು ಅದನ್ನು ಸಿಲಿಂಡರಿಗೆ ಎಳೆದುಕೊಳ್ಳುತ್ತಾನೆ, ಅರ್ಧ ಗಂಟೆಯಿಂದ ಒಂದು ಗಂಟೆಯ ಕೆಲಸ. ಆಮೇಲೆ ಪೆಟ್ಟಿಗೆಯನ್ನು ಇ-ತ್ಯಾಜ್ಯ ತೆಗೆದುಕೊಳ್ಳುವ ಅಧಿಕೃತ ಕೇಂದ್ರಕ್ಕೆ ಕಳಿಸಿ, ಅವರಿಂದ ರಸೀದಿ ತೆಗೆದುಕೊಳ್ಳಿ.